ಒಂದೇ ಅಳತೆಗೆ ಮೂರು ಊರಿನ ಸಾಕ್ಷಿ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಆ ಕಾರಣಕ್ಕೇ ಇಪ್ಪತ್ತು ವರ್ಷಗಳಿಂದ ಡೈರಿ ಬರೆಯುತ್ತಿದ್ದೇನೆ. ಡೈರಿಯನ್ನು ಎಲ್ಲಿಟ್ಟೆ ಎಂಬುದನ್ನು ಮಾತ್ರ ನೆನಪಿನಲ್ಲೇ ಇಟ್ಟುಕೊಳ್ಳಬೇಕಾಗುವುದರಿಂದ ಈ ಏರ್ಪಾಡು ಅಷ್ಟೇನೂ ಗಟ್ಟಿಯಲ್ಲ. ಇಲ್ಲೇ ಡಲ್ಲಾಸಿನ ಆಸುಪಾಸಿನಲ್ಲಿ, ಫಾರ್ಮರ್ಸ್ ಬ್ರಾಂಚಿನ ಅಪಾರ್ಟ್‌ಮೆಂಟಿನಿಂದ ಯೂಲೆಸ್‌ನ ಮನೆಗೆ ಶಿಫ್ಟ್ ಆದಾಗ ಒಂದು ವರ್ಷದ ಡೈರಿ ಕಳೆದುಹೋಯಿತು. ಆ ವರ್ಷ ನಾನು ಏನು ಮಾಡಿದೆ ಎಂದು ಕೇಳಿದರೆ ಹೆಂಡತಿ ಶೈಲಾ, "ವಿಶೇಷ ಏನೂ ಮಾಡ್ಲಿಲ್ಲ ಬಿಡಿ" ಎನ್ನುತ್ತಾಳೆ. ಆದರೆ ಒಂದು ಕೆಲಸ ಮಾಡಿದ್ದೆ ಎಂದು ಈಚೆಗೆ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು ಎನ್ನುವ ಹಾಗೂ ಇಲ್ಲ.

ನನಗೊಂದು ಹುಚ್ಚಿದೆ. ಈರುಳ್ಳಿ ಹೆಚ್ಚಿದರೆ ಕಣ್ಣೀರು ಹಾಕುವ, ಮೊಟ್ಟೆಯನ್ನೂ ಮುಟ್ಟದ ಮೈಸೂರಿನ ಮನುಷ್ಯ ನಾನು; ಶನಿವಾರ ರೇಂಜಿಗೆ ಹೋಗಿ ಕಾಗದದ ಗುರಿಗೆ ಪಿಸ್ತೂಲಿನಿಂದ ಹೊಡೆಯುತ್ತೇನೆ. ಆಫೀಸಿನ ಗೆಳೆಯನೊಬ್ಬ ಹತ್ತಿಸಿದ ಚಟ. ಒಂದು ವರ್ಷ ಅಂಗಡಿಗಳಲ್ಲಿ ತೋಟಾ ಸಿಗದೆ ಹೋದಾಗ ನಾವೇ ತುಂಬಿಕೊಳ್ಳುವುದನ್ನು ಕಲಿತೆವು. ಹೊಡೆದು ಬಿದ್ದ ಹಿತ್ತಾಳೆಯ ಚಿಪ್ಪುಗಳನ್ನು ಆರಿಸಿ ತರುವುದು, ಸೀಸ ಕರಗಿಸಿ ಅಚ್ಚಿಗೆ ಎರೆದು ಗುಂಡು ಮಾಡುವುದು, ಚಿಪ್ಪಿಗೆ ಅಳತೆ ನೋಡಿ ಸಿಡಿಮದ್ದು ಹಾಕಿ ಗುಂಡು ಕೂರಿಸುವುದು. ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಮಾತು 'ಅಳತೆ ನೋಡಿ' ಎಂಬುದು. ಮದ್ದು ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಪಿಸ್ತೂಲು ಕೈಯಲ್ಲೇ ಸಿಡಿಯುತ್ತದೆ. ಅಳತೆಗೆ ಪುಸ್ತಕಗಳಿವೆ. ಆದರೆ ಪುಸ್ತಕ ಹೇಳುವುದು ಪುಸ್ತಕದ ಗುಂಡಿನ ಮಾತು. ನನ್ನ ಅಚ್ಚು ಯಾರದೋ ಗ್ಯಾರೇಜ್ ಸೇಲಿನಲ್ಲಿ ಸಿಕ್ಕಿದ್ದು. ಅದರ ಗುಂಡು ಯಾವ ಪುಸ್ತಕದಲ್ಲೂ ಇಲ್ಲ. ಒಂದು ಪುಸ್ತಕದ ಗುಂಡಿಗಿಂತ ದಪ್ಪ, ಇನ್ನೊಂದರದಕ್ಕಿಂತ ಗಿಡ್ಡ. ಒಟ್ಟಿನಲ್ಲಿ ನನ್ನ ಹಾಗೆ.

ಈ ವರ್ಷ ಆ ಅಚ್ಚನ್ನು ಮತ್ತೆ ಹೊರತೆಗೆದೆ. ಹಿಂದೆ ಒಂದು ಅಳತೆ ಗೊತ್ತುಮಾಡಿಕೊಂಡಿದ್ದೆ ಎಂಬ ನೆನಪು. ಎಷ್ಟು ಎಂಬುದು ಕಳೆದುಹೋದ ಡೈರಿಯಲ್ಲಿತ್ತು. ಹಾಗಾಗಿ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಡಾಕ್ಟರ್ ದೇಸಾಯಿಯವರಿಗೆ ಫೋನ್ ಮಾಡಿದೆ. ಧಾರವಾಡದವರು, ಕಣ್ಣಿನ ಆಪರೇಷನ್ ಮಾಡುವವರು, ಅದೇ ನಮೂನೆಯ ಅಚ್ಚು ಇಟ್ಟುಕೊಂಡವರು. "ಅಳತಿ ಪಕ್ಕಾ ಅದ ನನ್ನ ಕಡೆ. ಫೋನ್‌ನ್ಯಾಗ ಹೇಳೂದಿಲ್ಲ. ವೀಕೆಂಡ್ ಬರ್ರಿ, ಊಟಾ ಮಾಡೂಣು" ಎಂದರು. ಶೈಲಾಳನ್ನು ಕೂರಿಸಿಕೊಂಡು ನಾಲ್ಕು ಗಂಟೆ ಡ್ರೈವ್ ಮಾಡಿ ಹೋದೆ.

ಡಾಕ್ಟರ ಗ್ಯಾರೇಜು ನಮ್ಮ ಅಡುಗೆಮನೆಗಿಂತ ಚೊಕ್ಕಟ. ತೋಟಾ ತುಂಬುವ ಯಂತ್ರದ ಮೇಲೆ ಹೋದ ವಾರದ ಆಯುಧಪೂಜೆಯ ಅರಿಶಿನ ಕುಂಕುಮ ಇನ್ನೂ ಇತ್ತು. ಗೋಡೆಗೆ ಲ್ಯಾಮಿನೇಟ್ ಮಾಡಿದ ಒಂದು ಹಾಳೆ, ಅದಕ್ಕೂ ಕುಂಕುಮ. ಹಾಳೆಯ ನಡುವೆ ದಪ್ಪಕ್ಷರದಲ್ಲಿ ಆ ಅಳತೆ. ನೋಡಿದ ಕೂಡಲೇ ಎದೆ ಹಗುರಾಯಿತು. ನನ್ನ ನೆನಪಿನಲ್ಲಿದ್ದದ್ದೂ ಅದೇ ಅಂಕಿ ಎನ್ನಿಸಿ, ಹಾಗೆಂದು ಹೇಳಿಯೂಬಿಟ್ಟೆ.

"ಆಸ್ಟಿನ್ನಿನ ನಮ್ಮ ಸುಧೀಂದ್ರ ಕೊಟ್ಟಾನ್ರಿ" ಎಂದು ಡಾಕ್ಟರು ನನಗೂ ಗೊತ್ತಿದ್ದ, ಇದೇ ಹುಚ್ಚಿನ ಗೆಳೆಯನ ಹೆಸರು ಹೇಳಿದರು. "ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್, ಮೂರೂ ಕಡೆ ಒಂದ ಅಳತಿ ಬಂತಂದ್ರ ಇನ್ನೇನ್ ಬೇಕ್ರಿ?" ಬೆಂಚಿನ ಮೇಲೆ ತುಂಬಿ ಮುಗಿಸಿದ ತೋಟಾಗಳ ಡಬ್ಬಿಗಳು ಸಾಲಾಗಿ ಕೂತಿದ್ದವು. ಮರುದಿನ ಬೆಳಿಗ್ಗೆ ಮಗಳು ಮೇಘನಾಳನ್ನು ಮೊದಲ ಸಲ ರೇಂಜಿಗೆ ಕರೆದುಕೊಂಡು ಹೋಗುವವರಿದ್ದರು.

ಊಟಕ್ಕೆ ಕೂತಾಗ ಕಾಲೇಜಿಗೆ ಹೋಗುವ ಮೇಘನಾ ಝುಣಕ ಬಡಿಸಿಕೊಳ್ಳುತ್ತಾ ಕೇಳಿದಳು: "ಬಟ್ ಅಂಕಲ್, ಹೂ ಟೆಸ್ಟೆಡ್ ಇಟ್ ಫಸ್ಟ್?"

"ಸುಧೀಂದ್ರ ಅಂಕಲ್" ಎಂದರು ಅವಳಪ್ಪ.

"ಡಿಡ್ ಯು ಆಸ್ಕ್ ಹಿಮ್, ಡ್ಯಾಡ್?"

ಡಾಕ್ಟರು ಕೇಳಿರಲಿಲ್ಲ. ಹುಡುಗಿಯ ಸಮಾಧಾನಕ್ಕೆಂದು ನಾನೇ ಸುಧೀಂದ್ರನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ಕೇಳಿದೆ. ನನ್ನ ಜೀವನದಲ್ಲಿ ಸಮಾಧಾನಕ್ಕೆಂದು ಮಾಡಿದ ಯಾವ ಕೆಲಸವೂ ಸಮಾಧಾನ ತಂದಿಲ್ಲ.

"ಅದಾ? ನಾನಿನ್ನೂ ಹೊಡೆದೇ ಇಲ್ಲ ಸಾರ್" ಎಂದ ಸುಧೀಂದ್ರ. "ಡಾಕ್ಟ್ರು ಒಂದ್ಸಲ ಹೊಡೀಲಿ, ಆಮೇಲೆ ನೋಡೋಣ ಅಂತ ಕಾಯ್ತಿದ್ದೆ."

ಡಾಕ್ಟರ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಇಳಿಯಿತು. "ಮತ್ತ ಅಳತಿ ಎಲ್ಲಿಂದ ಬಂತಪಾ?"

"ಇದೊಳ್ಳೆ ಕಥೆ. ಅಲ್ಲೇ ಕೂತಿದಾರಲ್ಲ, ಅವರೇ ಕೊಟ್ಟಿದ್ದು. ಡೈರಿ ಪುಟದ ಫೋಟೋ ಕಳಿಸಿದ್ರು. ಅಷ್ಟು ನೀಟಾಗಿ ಬರೆಯೋ ಮನುಷ್ಯ ತಪ್ಪು ಬರೀತಾರಾ? ತಡೀರಿ, ಈಗ್ಲೇ ಕಳಿಸ್ತೀನಿ."

ಅವನು ಫೋನಿಟ್ಟ, ಫೋಟೋ ಬಂತು. ಕಳೆದುಹೋಗಿದ್ದ ಡೈರಿಯ ಒಂದು ಪುಟ ಹೀಗೆ ನನ್ನ ಕೈಗೆ ವಾಪಸಾಯಿತು. ಮುದ್ದಾದ ಅಕ್ಷರ, ಎರಡು ಪುಸ್ತಕಗಳ ಅಂಕಿ, ನಡುವೆ ಅಂದಾಜಿನ ಮೇಲೆ ಇಟ್ಟ ಒಂದು ಅಂಕಿ, ಪಕ್ಕದಲ್ಲಿ 'ಪರವಾಗಿಲ್ಲ'. ಅದರ ಕೆಳಗೆ: 'ಇಡೀ ದಿನ ಮಳೆ. ರೇಂಜ್ ಮುಚ್ಚಿತ್ತು. ಸಂಜೆ ಉಪ್ಪಿಟ್ಟು.'

ಆಮೇಲಾದರೂ ಹೊಡೆದು ನೋಡಿದ್ದೆನೇ? ನೆನಪನ್ನು ಕೇಳಿದೆ. ಅದು ಬಹಳ ಸೌಜನ್ಯದಿಂದ ಒಂದು ಬಿಸಿಲಿನ ದಿನವನ್ನೂ, ಗುರಿಯ ನಡುವೆ ಒತ್ತಾಗಿ ಬಿದ್ದ ತೂತುಗಳನ್ನೂ ತೋರಿಸಿತು. ಆದರೆ ಆ ಬಿಸಿಲು ಯಾವ ವರ್ಷದ್ದು, ಆ ತೂತುಗಳು ನನ್ನವೋ ಪಕ್ಕದವನವೋ ಎಂದು ಕೇಳಿದರೆ ಮತ್ತೆ ಅದೇ ಬಿಸಿಲನ್ನೇ ತೋರಿಸಿತು. ಗೋಡೆಯ ಹಾಳೆ ಕಂಡಾಗ 'ಅದೇ ಅಂಕಿ' ಎಂದು ಕುಣಿದದ್ದೂ ಇದೇ ನೆನಪು. ಈಗ ಸುಮ್ಮನಿದ್ದರೂ ನಡೆಯುತ್ತಿತ್ತು. ಪುಟ ಇದ್ದದ್ದು ಕನ್ನಡದಲ್ಲಿ; ಮೇಘನಾಳಿಗೆ ಓದಲು ಬರುವುದಿಲ್ಲ, ಡಾಕ್ಟರ ಕನ್ನಡಕ ಗ್ಯಾರೇಜಿನಲ್ಲಿತ್ತು. ಆದರೆ ಮೇಜಿನ ಮೇಲೆ ಅವರ ಬಲಗೈ ಇತ್ತು. ವಾರಕ್ಕೆ ಎಷ್ಟೋ ಜನರ ಕಣ್ಣೊಳಗೆ ಇಳಿಯುವ ಕೈ. ಅದರ ಪಕ್ಕದಲ್ಲಿ, ಫೋನಿನ ಕಡೆ ಬಾಗಿದ ಹುಡುಗಿಯ ಮುಖ.

"ಡಾಕ್ಟ್ರೇ, ನಾಳೆ ಆ ತೋಟಾ ಹೊಡೀಬೇಡಿ" ಎಂದೆ. "ಅದು ನನ್ನ ಅಂದಾಜು. ಹೊಡೆದು ನೋಡಿದ ನೆನಪಿಲ್ಲ."

"ಲ್ಯಾಮಿನೇಟ್ ಮಾಡ್ಸೇನಲ್ರಿ" ಎಂದರು ಡಾಕ್ಟರು. ಶೈಲಾ, "ಇವರ ಡೈರಿ ನಂಬಿ ನಾನು ಸಾರಿಗೆ ಉಪ್ಪೂ ಹಾಕಲ್ಲ. ನೀವು ಪೂಜೆ ಮಾಡಿಬಿಟ್ರಾ?" ಎಂದಳು.

ಆ ಮಧ್ಯಾಹ್ನವಿಡೀ ಗ್ಯಾರೇಜಿನಲ್ಲಿ ಕೂತು ತೋಟಾಗಳನ್ನು ಒಂದೊಂದಾಗಿ ಬಿಚ್ಚಿದೆವು. ಅದಕ್ಕೊಂದು ಸುತ್ತಿಗೆಯಿದೆ, ಅದರ ತಲೆಯೊಳಗೆ ತೋಟಾ ಇಟ್ಟು ಕುಟ್ಟಿದರೆ ಗುಂಡು ಕಳಚಿಕೊಳ್ಳುತ್ತದೆ. ನಾನು ಕುಟ್ಟಿದೆ, ಡಾಕ್ಟರು ಮದ್ದು ಸುರಿದುಕೊಂಡರು, ಮೇಘನಾ ಎರಡು ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ನಮಗೆ ಜೋರಾಗಿ ಓದಿ ಹೇಳಿದಳು. ಹಾಳೆಯನ್ನು ಡಾಕ್ಟರೇ ಗೋಡೆಯಿಂದ ಇಳಿಸಿದರು. ಕುಂಕುಮವಿದ್ದುದರಿಂದ ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದೆ ಸ್ಟೋರ್ ರೂಮಿನಲ್ಲಿಟ್ಟರು. ನನ್ನ ಅಂಕಿ ಸರಿಯಾಗಿಯೇ ಇದ್ದಿರಬಹುದು. ಅದು ಇನ್ನು ಯಾರಿಗೂ ತಿಳಿಯುವುದಿಲ್ಲ. ಹಿಂದಿರುಗುವ ದಾರಿಯುದ್ದಕ್ಕೂ, ಇನ್ನು ನನ್ನ ಮಾತನ್ನು ಯಾರೂ ನಂಬುವುದಿಲ್ಲ ಎಂದು ಕೊರಗಿದೆ. ಕೊರಗಿನ ತಳದಲ್ಲಿ ಒಂದಿಷ್ಟು ನೆಮ್ಮದಿಯೂ ಇತ್ತೆಂದು ಈಗ ಅನ್ನಿಸುತ್ತದೆ, ಖಚಿತವಾಗಿ ಹೇಳಲಾರೆ.

ಮುಂದಿನ ವಾರ ಸುಧೀಂದ್ರ ಫೋನ್ ಮಾಡಿದ. "ಡಾಕ್ಟ್ರು ಎಲ್ಲ ಹೇಳಿದ್ರು ಸಾರ್. ನೀವು ಊಟಕ್ಕೆ ಕೂತಲ್ಲೇ ತಪ್ಪು ಒಪ್ಪಿಕೊಂಡ್ರಂತೆ. ನಿಮ್ಮಂಥ ಪ್ರಾಮಾಣಿಕ ಮನುಷ್ಯನ್ನ ಟೆಕ್ಸಾಸಲ್ಲೇ ನೋಡಿಲ್ಲ, ಇನ್ಮೇಲೆ ನೀವು ಹೇಳಿದ್ದೇ ಫೈನಲ್ ಅಂದ್ರು. ಅದಕ್ಕೇ ಕೇಳ್ತಿದೀನಿ, ನಾನೊಂದು ಹೊಸ ಅಚ್ಚು ತಗೊಂಡೆ. ಎಷ್ಟು ಹಾಕ್ಲಿ?"

"ಪುಸ್ತಕ ನೋಡಪ್ಪ."

"ಪುಸ್ತಕದಲ್ಲಿ ಈ ಗುಂಡಿಲ್ಲ ಸಾರ್. ನೀವು ಹೇಳಿ."

"ನನಗೆ ನೆನಪಿರುವ ಹಾಗೆ" ಎಂದು ಶುರು ಮಾಡಿಬಿಟ್ಟೆ. ಆ ಕಡೆಯಿಂದ ನನ್ನ ಮಾತನ್ನು ಬರೆದುಕೊಳ್ಳುವ ಕೀಬೋರ್ಡಿನ ಸದ್ದು ಕೇಳಿಸಿತು. ಥಟ್ಟನೆ ಬಾಯಿ ಮುಚ್ಚಿಕೊಂಡೆ. ಸದ್ದು ನಿಲ್ಲಲಿಲ್ಲ.