ಆಡು ಮುಟ್ಟದ ಸೊಪ್ಪು, ಅಪ್ಪನ ಉಸಿರು

ಲೆಕ್ಕ ಇಡುವವರನ್ನು ಜನ ಸುಮ್ಮಸುಮ್ಮನೆ ನಂಬುತ್ತಾರೆ. ತಾರೀಕು ಹಾಕಿ, ಗೆರೆ ಎಳೆದು ಬರೆದಿಟ್ಟ ದಡ್ಡತನಕ್ಕೆ ಬರೆದಿಡದ ಬುದ್ಧಿವಂತಿಕೆಗಿಂತ ಮರ್ಯಾದೆ ಹೆಚ್ಚು. ನಾನು ಹೈಸ್ಕೂಲಿನಿಂದ ದಿನಚರಿ ಬರೆಯುವವನು. ಮಳೆ ಹಿಡಿದ ದಿನ, ಬಸ್ಸು ತಡವಾದ ನಿಮಿಷ, ಚಪ್ಪಲಿಯ ಬಾಳಿಕೆ, ಎಲ್ಲಕ್ಕೂ ನನ್ನಲ್ಲಿ ದಾಖಲೆಯಿದೆ. ಈ ಗುಣ ನೋಡಿಯೇ ಇರಬೇಕು, ನನ್ನ ಗೈಡ್ ಸಂಶೋಧನೆಗೆಂದು ನನಗೆ ಕೆಮ್ಮಿನ ಕಷಾಯದ ಗಿಡವಾದ ಆಡುಸೋಗೆಯನ್ನು ಕೊಟ್ಟರು.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದವರು ಆಡುಸೋಗೆಯನ್ನು ಮರೆತಿದ್ದರು. ಅದರ ಕಹಿಗೆ ಆಡು ಹತ್ತಿರವೂ ಸುಳಿಯುವುದಿಲ್ಲ. ಬದುಕಿದ್ದಾಗ ಮುಟ್ಟದ ಸೊಪ್ಪನ್ನು ಸತ್ತ ಮೇಲಾದರೂ ಅದಕ್ಕೆ ಮುಟ್ಟಿಸುವುದೇ ನನ್ನ ಪಿಎಚ್‌ಡಿ. ಆಡಿನ ಶ್ವಾಸನಾಳವನ್ನು ಉಂಗುರಗಳಾಗಿ ಕತ್ತರಿಸಿ, ಬೆಚ್ಚಗಿನ ಉಪ್ಪುನೀರಿನಲ್ಲಿ ತೂಗುಹಾಕಿ ಒಂದು ರಾಸಾಯನಿಕ ಬಿಟ್ಟರೆ, ಅದರ ಸ್ನಾಯು ದಮ್ಮಿನವರ ಎದೆಯಂತೆ ಬಿಗಿಯುತ್ತದೆ. ಆಮೇಲೆ ಆಡುಸೋಗೆಯ ಸಾರ ಬಿಟ್ಟರೆ ಮೆಲ್ಲಗೆ ಸಡಿಲಾಗುತ್ತದೆ. ಈ ಶ್ವಾಸನಾಳ ಸಿಗುವುದು ಜೆಪ್ಪಿನಲ್ಲಿ, ಅದ್ರಾಮಾಕನ ಮಾಂಸದಂಗಡಿಯಲ್ಲಿ. ನನ್ನನ್ನು ಕಂಡರೆ ಅವರು ಗಿರಾಕಿಗಳೆದುರೇ ಕೂಗುತ್ತಾರೆ: "ಭಟ್ರ ಮಗ ಬಂದ! ಎಲ್ಲರಿಗೂ ಮಾಂಸ ಬೇಕು, ಇವನಿಗೆ ಗಂಟಲು ಮಾತ್ರ. ಎಂತ ಮಾರಾಯ, ನಿಮ್ಮಲ್ಲಿ ಮಂತ್ರ ಹೇಳ್ಲಿಕ್ಕೆ ಗಂಟಲು ಕಮ್ಮಿ ಆಯ್ತಾ?"

ಭಟ್ಟರೆಂದರೆ ನನ್ನ ಅಪ್ಪ. ಕಾವೂರಿನ ನಮ್ಮ ಮನೆಯಿಂದ ಹೊರಟು ಊರವರ ಮನೆಗಳಲ್ಲೆಲ್ಲ ಹೋಮ ಮಾಡಿಸಿ, ಪುಣ್ಯವನ್ನು ಅವರಿಗೆ ಬಿಟ್ಟು ಹೊಗೆಯನ್ನು ತಾವಿಟ್ಟುಕೊಂಡವರು. ಶ್ವಾಸನಾಳ ಕಿರಿದಾಗುವ ಕಾಯಿಲೆ, ಬೀಡಿ ಮುಟ್ಟದವರಿಗೂ ಬರುತ್ತದೆ ಎಂದು ಡಾಕ್ಟರು ಇನ್‌ಹೇಲರ್ ಕೊಟ್ಟಿದ್ದರು. ಅಪ್ಪನಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ನನಗೋ ಯಾವುದನ್ನೂ ಲೆಕ್ಕವಿಲ್ಲದೆ ನಂಬುವ ಅಭ್ಯಾಸವಿರಲಿಲ್ಲ. ಒಂದು ತಿಂಗಳು ಬರೀ ಇನ್‌ಹೇಲರ್, ಮರು ತಿಂಗಳು ಬರೀ ಅಮ್ಮ ಕುದಿಸಿದ ಆಡುಸೋಗೆಯ ಕಷಾಯ ಎಂದು ವ್ಯವಸ್ಥೆ ಮಾಡಿ, ಎರಡೂ ತಿಂಗಳು ಅಪ್ಪನ ಕೆಮ್ಮನ್ನು ಎಣಿಸಿದೆ. ಕಷಾಯ ಗೆದ್ದಿತು.

"ನೋಡು ಮಾಣಿ, ನಿನ್ನ ಸೊಪ್ಪೇ ಸಾಕು. ಆ ಪಿಸ್ಸೆನ್ನುವ ಡಬ್ಬಿಯಿಂದ ಎಂತದೂ ಉಪಕಾರ ಇಲ್ಲ" ಎಂದು ಅಪ್ಪ ಇನ್‌ಹೇಲರನ್ನು ಕಪಾಟಿನ ಮೇಲೆಸೆದರು. ಒಂದು ವಿಷಯ ಮಾತ್ರ ನನ್ನನ್ನು ಕೊರೆಯಬೇಕಿತ್ತು. ಹೋಲಿಕೆಗೆಂದು ನಮ್ಮ ಲ್ಯಾಬಿನಲ್ಲಿ ಬಳಸುವುದು ಆ ಡಬ್ಬಿಯೊಳಗಿನ ಮದ್ದನ್ನೇ. ಆಡಿನ ಉಂಗುರಗಳ ಮೇಲೆ ಅದು ನನ್ನ ಸೊಪ್ಪನ್ನು ಪ್ರತಿ ಸಲವೂ ಸೋಲಿಸುತ್ತದೆ. ಆಡಿಗೂ ಅಪ್ಪನಿಗೂ ವ್ಯತ್ಯಾಸ ಇರುತ್ತದಲ್ಲ ಎಂದುಕೊಂಡೆ.

ಕೆಲವು ತಿಂಗಳ ನಂತರ ಕದ್ರಿಯ ಒಂದು ಮನೆಯಲ್ಲಿ, ಹೋಮದ ನಡುವೆ, ಅಪ್ಪನ ಮಂತ್ರ ನಿಂತುಹೋಯಿತು. ತುಟಿ ನೀಲಿಗಟ್ಟಿತ್ತು. ಆ ಮನೆಯವರೇ ಆಸ್ಪತ್ರೆಗೆ ಸಾಗಿಸಿದರು. ಉಸಿರು ತಹಬಂದಿಗೆ ಬಂದ ಮೇಲೆ ಡಾಕ್ಟರು ಕೇಳಿದರು: "ಇನ್‌ಹೇಲರ್ ಯಾಕೆ ಬಿಟ್ರಿ ಭಟ್ರೇ?"

"ಉಪಯೋಗ ಇಲ್ಲ ಅಂತ ಮಗನೇ ಲೆಕ್ಕ ಮಾಡಿ ತೋರಿಸಿದ. ಪಿಎಚ್‌ಡಿ ಮಾಡ್ತಿದ್ದಾನೆ, ಡಾಕ್ಟ್ರೇ" ಎಂದರು ಅಪ್ಪ, ಆ ಸ್ಥಿತಿಯಲ್ಲೂ ಹೆಮ್ಮೆಯಿಂದ.

ಡಾಕ್ಟರು ನನ್ನನ್ನು ಒಮ್ಮೆ ನೋಡಿ, ಅಪ್ಪನ ಕೈಗೊಂದು ಇನ್‌ಹೇಲರ್ ಕೊಟ್ಟರು. "ಹೇಗೆ ತೆಗೊಳ್ತಿದ್ರಿ, ತೋರಿಸಿ."

ಅಪ್ಪ ತಲೆ ಹಿಂದಕ್ಕೆ ವಾಲಿಸಿ, ಬಾಯಿ ತೆರೆದು, ಚೊಂಬಿನಿಂದ ನೀರು ಎತ್ತಿ ಕುಡಿಯುವವರಂತೆ ಡಬ್ಬಿಯನ್ನು ಗೇಣುದ್ದ ಮೇಲೆ ಹಿಡಿದು ಒತ್ತಿದರು. ಮದ್ದು ಫ್ಯಾನಿನ ಗಾಳಿಯಲ್ಲಿ ಚದುರಿಹೋಯಿತು.

"ಅಯ್ಯೋ, ಬಾಯೊಳಗಿಟ್ಟು ತುಟಿ ಮುಚ್ಚಬೇಕು ಭಟ್ರೇ!"

"ಎಂಜಲಾಗುದಿಲ್ವಾ? ಪೂಜೆಗೆ ಮೊದಲು, ದೇವರಕೋಣೆಯಲ್ಲಿ, ಮಡಿಯಲ್ಲಿ ತೆಗೊಳ್ಳುವುದು ನಾನು."

ಕಷಾಯವನ್ನೂ ಅವರು ಎತ್ತಿಯೇ ಕುಡಿಯುತ್ತಿದ್ದರು. ಆದರೆ ನೀರಿನಂಥದ್ದು ಎಷ್ಟು ಎತ್ತರದಿಂದ ಸುರಿದರೂ ಗಂಟಲಿಗೆ ಇಳಿಯುತ್ತದೆ. ಇದನ್ನೆಲ್ಲ ನಾನೇಕೆ ನೋಡಿರಲಿಲ್ಲ ಎಂದರೆ, ಸತ್ತ ಆಡಿನ ಗಂಟಲು ಮುಟ್ಟುವ ನನಗೆ ದೇವರಕೋಣೆಗೆ ಪ್ರವೇಶವಿರಲಿಲ್ಲ. ಬಾಗಿಲ ಹೊರಗೆ ಕೂತು ಬಹಳ ಶ್ರದ್ಧೆಯಿಂದ ಕೆಮ್ಮು ಎಣಿಸುತ್ತಿದ್ದೆ. ನನ್ನ ಸೊಪ್ಪು ಗೆದ್ದದ್ದು ಮದ್ದಿನ ಮೇಲಲ್ಲ, ನಮ್ಮ ದೇವರಕೋಣೆಯ ಗಾಳಿಯ ಮೇಲೆ.

"ಹೋದ ಶ್ವಾಸಕೋಶ ವಾಪಸ್ ಬರುದಿಲ್ಲ. ಇದ್ದದ್ದನ್ನು ಉಳಿಸುವ" ಎಂದರು ಡಾಕ್ಟರು. ಹೋಮಗಳು ನಿಂತವು. ಈಗ ಅಪ್ಪ ಬೆಳಗ್ಗೆದ್ದು ಮೊದಲು ಇನ್‌ಹೇಲರ್ ಸೇದುತ್ತಾರೆ, ಬಾಯಿ ಮುಕ್ಕಳಿಸುತ್ತಾರೆ, ನಡುನಡುವೆ ಕೂತು ದಣಿವಾರಿಸಿಕೊಳ್ಳುತ್ತ ಸ್ನಾನ ಮುಗಿಸಿ ದೇವರ ಮುಂದೆ ಕೂರುತ್ತಾರೆ. ಮಂತ್ರ ಅರ್ಧ ಸಾಲಿಗೊಮ್ಮೆ ತುಂಡಾಗುತ್ತದೆ. ಮನೆಗೆ ಬಂದ ಮೊದಲ ಬೆಳಿಗ್ಗೆ ನಾನು ಎದುರೇ ನಿಂತಿದ್ದೆ. ಅಪ್ಪ ಡಬ್ಬಿಯನ್ನು ತುಟಿಯ ನಡುವೆ ಹಿಡಿದು ಸೇದಿ, ಉಸಿರು ಕಟ್ಟಿ, ಬಿಟ್ಟು, ನನ್ನತ್ತ ತಿರುಗಿದರು.

"ಬರ್ಕೊಂಡೆಯಾ ಮಾಣಿ?"

ಕೈಯಲ್ಲಿ ಪೆನ್ನು ಹಿಡಿದು ನಿಂತಿದ್ದೇನೆಂದು ನನಗೆ ಗೊತ್ತಾದದ್ದು ಆಗಲೇ.