ಸೈನ್ಯ ಬ್ಯಾಡಂದ ಮಿಲಿಟರಿ ಕಾಕಾ

ನಮ್ಮ ಕಾಕಾನ ತಲಿ ಕೆಟ್ಟೈತಿ ಅಂತ ಇಡೀ ದೇವರ ಹಿಪ್ಪರಗಿ ಹೇಳ್ತೈತಿ. ನಾ ಅಷ್ಟು ಹೇಳೂದಿಲ್ಲ, ಮನಿಯವನಲ್ರೀ! ಮಿಲಿಟರಿಯೊಳಗ ಗಡಿ ಕಾದು ಬಂದಾಂವ ಚಾದ ಅಂಗಡಿಯೊಳಗ ಕುಂತು, "ಸಣ್ಣ ದೇಶಕ್ಕ ಸೈನ್ಯ ಬ್ಯಾಡೋ. ಕೋಸ್ಟಾರಿಕಾ ದೇಶದಾವ್ರು ಸೈನ್ಯಾನ ತಗದು ಹಾಕ್ಯಾರ, ಆರಾಮ ಅದಾರ" ಅಂದ್ರ ಮಂದಿ ಏನಂದಾರು? ಆ ಅಂಗಡಿಯೊಳಗ ಕುಂತು ಯುದ್ಧ ಆಗಬೇಕು ಅನ್ನಾವ್ರೆಲ್ಲಾ ಸಿಂದಗಿ ಸಂತಿ ದಾಟಿ ಆಚಿಗೆ ಹೋಗದಾವ್ರು!

"ಹಂಗಾರ ನಿಮ್ಮ ಜ್ವಾಳಾನೂ ಕಾವಲಿಲ್ದ ಬಿಡ್ರಲ್ಲ ಕಾಕಾ!" ಅಂತ ಕೆಣಕಿದ, ಬಾಜೂ ಹೊಲದಾಂವ.

ಸಾಕಾತು! ಹಟಕ್ಕ ಬಿದ್ದ ಕಾಕಾ ಎರಡು ಎಕರೆ ಬಿಳಿಜ್ವಾಳದಾಗಿನ ಕಾವಲಿನ ಅಟ್ಟ ಬಿಚ್ಚಿಸಿದ, ಕಾಯೋ ಆಳನ್ನ ಬಿಡಿಸಿದ. ತೆನಿಯೊಳಗ ಹಾಲು ತುಂಬೂ ಹೊತ್ತು. ಕಾಕಾನ ಹೆಂಡ್ತಿ, ನಮ್ಮ ಚಿಗವ್ವ, ಹಣಿ ಬಡಕೊಂಡ್ಳು. "ಅದು ದೇಶ ಅಲ್ರೀ, ನಮ್ಮ ವರ್ಷದ ರೊಟ್ಟಿ!"

ಕಾಕಾ ಕೇಳಬೇಕಲ್ಲ? ಯಾರ್ಯಾರ ಮ್ಯಾಲೆ ಕಳ್ಳತನದ ಸಂಶೆ ಇತ್ತೋ ಅವರನ್ನೆಲ್ಲಾ ಸೀತನಿ ತಿನ್ನಾಕ ಹೊಲಕ್ಕ ಕರದ. ಎಳಿ ತೆನಿ ಸುಟ್ಟು, ಶೇಂಗಾ ಚಟ್ನಿ, ಬೆಲ್ಲ, ಮೊಸರು ಇಟ್ಟು ಕೈಯಾರೆ ಬಡಿಸಿದ. "ಉಂಡ ಹೊಲಕ್ಕ ಯಾರೂ ಕೈ ಹಾಕೂದಿಲ್ಲ" ಅಂತ ನನ್ನ ಕಿವಿಯೊಳಗ ಹೇಳಿದ. ತಮ್ಮನ್ನ ಯಾಕ ಕರದಾರ ಅಂತ ಬಂದಾವ್ರಿಗೆ ಗೊತ್ತಾಗಲಿಲ್ಲ, ಅದು ನಮ್ಮ ಪುಣ್ಯ!

ಎಂಟು ದಿನ ಒಂದು ತೆನಿನೂ ಹೋಗಲಿಲ್ಲ. ಒಂಬತ್ತನೇ ದಿನ ಕಾಡಹಂದಿ ಹಿಂಡು ನುಗ್ಗಿ ಅರ್ಧ ಎಕರೆ ನೆಲಕ್ಕ ಹಾಕಿತು. ಹಂದಿಗಳಿಗೆ ಸೀತನಿಗೆ ಬರ್ರಿ ಅಂತ ಯಾರೂ ಹೇಳಿರಲಿಲ್ಲ ನೋಡ್ರಿ!

ನಾ ನಕ್ಕೆ. ಕಾಕಾ ನಗಲಿಲ್ಲ. ಮುರದ ದಂಟು ಒಂದನ್ನ ನೆಟ್ಟಗ ನಿಲ್ಸಾಕ ನೋಡಿದ, ಅದು ಮತ್ತ ಬಿತ್ತು. "ನಂದು ತಪ್ಪಾತೇನೋ ತಮ್ಮಾ? ಕಾವಲು ಬೇಕಾ ಬೇಕೇನು?" ಅಂದ. ಅವನ ದನಿ ಕೇಳಿ ನನಗ ನಕ್ಕಿದ್ದಕ್ಕ ನಾಚಿಕಿ ಆತು. ಸಂಜಿಮುಂದ ಅವಗ ಜ್ವರ ಏರಿತು. ದವಾಖಾನಿಗೆ ಓಡಾಡೂದ್ರಾಗ ಹೊಲದ ಕಡೆ ನಾವ್ಯಾರೂ ಹೋಗಲಿಲ್ಲ.

ಮರುದಿನ ಮುಂಜಾನೆ ಚಿಗವ್ವ ಬ್ಯಾಡಂದ್ರೂ ಕಾಕಾ ಹೊಲಕ್ಕ ನಡದ. ನಾನೂ ಬೆನ್ನ ಹತ್ತಿದೆ. ಉಳದ ಒಂದೂವರಿ ಎಕರೆ ಹಂಗಾ ನಿಂತಿತ್ತು. ಬದುವಿನ ಮ್ಯಾಲೆ ಕಂಬಳಿ ಹೊದ್ದು, ಹಂದಿ ಓಡಸಾಕ ತಗಡಿನ ಡಬ್ಬಿ, ಬಡಿಗಿ ಹಿಡಕೊಂಡು ಬಾಜೂ ಹೊಲದಾಂವ ಕುಂತಿದ್ದ. ಕಣ್ಣು ಕೆಂಪಗಾಗಿದ್ದವು.

"ಯಾರು ಹೇಳಿದ್ರೋ ನಿನಗ?" ಅಂದ ಕಾಕಾ.

"ಯಾರು ಹೇಳಬೇಕ್ರಿ? ನಿಮಗ ಆರಾಮಿಲ್ಲಂತ ಕೇಳಿದೆ, ಬಂದೆ."

ಕಾಕಾ ಅವನ ಮಗ್ಗಲದಾಗ ಕುಂತ. "ಗುರ್ತಿಲ್ಲದಾವ್ರ ಸಲುವಾಗಿ ವರ್ಷಗಟ್ಟಲೆ ನಿದ್ದಿಗೆಟ್ಟೇನಿ. ನನ್ನ ಸಲುವಾಗಿ ಒಬ್ಬಾಂವ ನಿದ್ದಿಗೆಟ್ಟಿದ್ದು ಇವತ್ತಾ ನೋಡಿದೆ" ಅಂದು ಧೋತ್ರದ ಚುಂಗಿಲೆ ಕಣ್ಣು ಒರಸಿಕೊಂಡ. ಆಮ್ಯಾಲೆ ಅವನ ಕೈಯಾಗಿನ ಡಬ್ಬಿ ಇಸಗೊಂಡ.

"ನೀ ಹೋಗಿ ಮಲಕೋ. ಎರಡೂ ಹೊಲ ನಾ ಕಾಯ್ತೇನಿ."