ಎಲ್ಲೂ ನಿಲ್ಲದವರ ಸಂಘ

ಒಬ್ಬಳೇ ಇರುವುದೇ ನನಗೆ ಇಷ್ಟ ಎಂದು ಮೂವತ್ತು ವರ್ಷಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ತೊಂದರೆ ಏನೆಂದರೆ, ಹಾಗೆ ಹೇಳುವುದಕ್ಕೂ ಎದುರಿಗೆ ಒಬ್ಬರು ಬೇಕು. ನನ್ನ ಕೆಲಸ ಹೊಲಿಗೆ ಯಂತ್ರದ ರಿಪೇರಿ, ಅಪ್ಪನಿಂದ ಕಲಿತದ್ದು. ಕಡೂರಿನಲ್ಲಿ ಎರಡು ತಿಂಗಳು, ತರೀಕೆರೆಯಲ್ಲಿ ಒಂದು ತಿಂಗಳು, ಅಜ್ಜಂಪುರದಲ್ಲಿ ಯಂತ್ರಗಳು ಕೆಟ್ಟಷ್ಟು ದಿನ. ವಯಸ್ಸು ಐವತ್ತೆರಡು. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಬಾಡಿಗೆಗೆ ರೂಮು ಕೇಳಲು ಹೋದರೆ ಮನೆಯವರು ನನ್ನ ಬೆನ್ನ ಹಿಂದೆ ಇಣುಕಿ, "ಯಜಮಾನ್ರು ಹಿಂದಿಂದ ಬತ್ತಾವ್ರಾ?" ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ನಾನೂ ಅವರ ಜೊತೆ ಒಮ್ಮೆ ತಿರುಗಿ ನೋಡುತ್ತೇನೆ.

ಈ ಸಲದ ಯುಗಾದಿಗೆ ಅಜ್ಜಂಪುರದಲ್ಲಿದ್ದೆ. ಹೋಟೆಲಿನಿಂದ ತಂದ ಒಬ್ಬಟ್ಟು ತಿನ್ನುತ್ತಾ "ಚೆನ್ನಾಗಿದೆ" ಎಂದು ಗಟ್ಟಿಯಾಗಿ ಹೇಳಿದೆ. ಯಾರೂ ಹೂಂ ಅನ್ನಲಿಲ್ಲ. ಕೂಡಲೇ ನನ್ನ ಗಿರಾಕಿಗಳಿಗೆಲ್ಲ ಫೋನಿನಲ್ಲಿ ಒಂದು ಸಂದೇಶ ಕಳಿಸಿದೆ: ಒಂದೂರಲ್ಲಿ ನಿಲ್ಲದೆ ತಿರುಗುವವರು ಯಾರಾದರೂ ಗೊತ್ತಿದ್ದರೆ ಹೇಳಿ, ಭಾನುವಾರ ಬೆಳಗ್ಗೆ ಹತ್ತಕ್ಕೆ ತರೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಸೇರೋಣ. ಲಿಂಗದಹಳ್ಳಿಯಿಂದ ಒಬ್ಬರು ಕಳೆದುಹೋದ ತಮ್ಮ ಎಮ್ಮೆಯ ಗುರುತು ಬರೆದು ಕಳಿಸಿದರು.

ಎಮ್ಮೆ ಬರಲಿಲ್ಲ, ಇಬ್ಬರು ಮನುಷ್ಯರು ಬಂದರು. ಒಬ್ಬರು ರುದ್ರಪ್ಪ, ನಿವೃತ್ತ ಬಸ್ ಕಂಡಕ್ಟರು. ಈಗ ಮೊಪೆಡ್ ಮೇಲೆ ಊರೂರು ಸುತ್ತುತ್ತಾರೆ. "ಮೂವತ್ತು ವರ್ಷ ಓಡೋ ಬಸ್ಸಲ್ಲಿ ನಿಂತಿದ್ದೋನು ಕಣ್ರೀ, ಅಲ್ಲಾಡದ ಮನೇಲಿ ನಿದ್ದೇನೇ ಬರಾಕಿಲ್ಲ" ಎಂದರು. ಇನ್ನೊಬ್ಬಳು ನಾಗವೇಣಿ, ನನಗಿಂತ ಚಿಕ್ಕವಳು. ಮನೆಮನೆಗೆ ಹೋಗಿ ಬಾಣಂತನ ಮಾಡುವವಳು. "ಮೂರ್ ತಿಂಗ್ಳು ಆಗೋ ಹೊತ್ಗೆ ಕೂಸು ನನ್ ಮುಖ ನೋಡಿ ನಗಾಕೆ ಶುರು ಮಾಡ್ತದೆ. ಆವಾಗ್ಲೇ ನಾನು ಹೊರಡ್ಬೇಕು" ಎಂದಳು. ಮದುವೆ ಯಾಕಾಗಲಿಲ್ಲ ಎಂದು ಇಬ್ಬರೂ ಕೇಳಲಿಲ್ಲ. ಅವಳು ತಂದ ಚಿತ್ರಾನ್ನ ತಿನ್ನುತ್ತಾ ಮೂರು ಗಂಟೆಯವರೆಗೆ ಮಾತಾಡಿದೆವು. ನಾನು ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ!

ಏಳುವ ಹೊತ್ತಿಗೆ ನಾಗವೇಣಿ, "ಅಕ್ಕಾ, ಬೀರೂರಲ್ಲಿ ಮೂರು ರೂಮಿನ ಮನೆ ಖಾಲಿ ಐತೆ. ಮೂವರೂ ಸೇರಿ ತಗಳಣ. ತಿರುಗೋದು ಇದ್ದೇ ಐತೆ, ವಾಪಸ್ ಬಂದಾಗ ಒಳಗೆ ಒಬ್ರಾದ್ರೂ ಇರ್ತಾರೆ" ಎಂದಳು. "ಬರೋ ಭಾನ್ವಾರ ನೋಡ್ಕಂಡ್ ಬರಣ. ಬತ್ತೀರಲ್ಲ ಮೇಡಂ?" ಎಂದರು ರುದ್ರಪ್ಪ. "ಬರದೆ ಏನು!" ಎಂದೆ. ಮನಸ್ಸಿನಿಂದಲೇ ಅಂದೆ.

ಆ ಭಾನುವಾರ ಐದಕ್ಕೇ ಎದ್ದು ಸ್ನಾನ ಮಾಡಿ, ಒಳ್ಳೆಯ ಸೀರೆಯುಟ್ಟು, ಆಗ ಕೆಲಸಕ್ಕಿದ್ದ ಕಡೂರಿನ ಬಸ್ ಸ್ಟ್ಯಾಂಡಿಗೆ ಬಂದೆ. ಬೀರೂರಿನ ಬಸ್ಸು ನಿಂತಿತ್ತು. ಪಕ್ಕದಲ್ಲಿ ಸಖರಾಯಪಟ್ಟಣದ್ದು. ನಾನು ಹತ್ತಿದ್ದು ಎರಡನೆಯದನ್ನು. ಅಲ್ಲಿ ನನ್ನನ್ನು ಯಾರೂ ಕರೆದಿರಲಿಲ್ಲ. ಹಳೆಯ ಗಿರಾಕಿಯೊಬ್ಬರ ಮನೆಗೆ ಹೋಗಿ, ಚೆನ್ನಾಗಿಯೇ ಓಡುತ್ತಿದ್ದ ಅವರ ಯಂತ್ರವನ್ನು ಸರ್ವೀಸ್ ಎಂದು ಪೂರ್ತಿ ಬಿಚ್ಚಿ ಹರಡಿಕೊಂಡು ಕೂತೆ. ಹನ್ನೊಂದಕ್ಕೆ ರುದ್ರಪ್ಪನವರ ಫೋನು. "ಎಲ್ಲಿದೀರಿ ಮೇಡಂ? ಮನೆಯೋರು ಬಾಗ್ಲು ತಗ್ದವ್ರೆ." ಅರ್ಜೆಂಟ್ ಕೆಲಸ ಬಂತು ಎಂದೆ. ನಾಗವೇಣಿ ಫೋನು ಇಸಿದುಕೊಂಡು, "ನಿಧಾನ್ವಾಗಿ ಮುಗಿಸ್ಕಂಡ್ ಬಾರಕ್ಕಾ, ಇಲ್ಲೇ ಜಗಲಿ ಮೇಲೆ ಕುಂತಿರ್ತೀವಿ" ಎಂದಳು. ಸಂಜೆಯವರೆಗೂ ಕೂತಿದ್ದರಂತೆ. ಅಷ್ಟು ಹೊತ್ತೂ ನಾನು ಒಂದೇ ಸ್ಕ್ರೂವನ್ನು ಬಿಗಿ ಮಾಡುತ್ತಿದ್ದೆ, ಸಡಿಲ ಮಾಡುತ್ತಿದ್ದೆ.

ಆ ಮನೆ ಬೇರೆಯವರ ಪಾಲಾಯಿತು. ಅವರಿಬ್ಬರು ಮಾತ್ರ ಈಗಲೂ ಭಾನುವಾರಗಳಲ್ಲಿ ಸೇರುತ್ತಾರೆ. ನನ್ನ ಮೇಲೆ ಕೋಪವಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಮೊನ್ನೆ ಕೆಮ್ಮಣ್ಣುಗುಂಡಿಯಿಂದ ಫೋಟೋ ಕಳಿಸಿದ್ದರು, ಕಲ್ಲುಬೆಂಚಿನ ಆ ತುದಿಗೆ ರುದ್ರಪ್ಪ, ಈ ತುದಿಗೆ ನಾಗವೇಣಿ. ನಡುವೆ ಒಬ್ಬರು ಕೂರುವಷ್ಟು ಜಾಗವಿದೆಯೇ ಎಂದು ಫೋಟೋ ದೊಡ್ಡದು ಮಾಡಿ ನೋಡಿದೆ. ಇತ್ತು. ಇಲ್ಲದಿದ್ದರೆ ಎಷ್ಟು ನೆಮ್ಮದಿಯಾಗಿರುತ್ತಿತ್ತು ಎಂದುಕೊಂಡು ಫೋನನ್ನು ಮಗುಚಿಟ್ಟೆ.